ಟೊರಾಂಟೊ ಗುಮ್ಮಟ: ಚಾವಣಿ ಹಳೆಯದೇ, ತಿರುಗಿದ್ದು ಕುರ್ಚಿಗಳು

ಮಾನ್ಯ ಸಂಪಾದಕರೇ,

2025ರ ಬೇಸ್‌ಬಾಲ್ ವರ್ಲ್ಡ್ ಸೀರೀಸ್‌ನ ಏಳನೇ ಪಂದ್ಯ ನವೆಂಬರ್ 1ರಂದು ಟೊರಾಂಟೊದಲ್ಲಿ 11 ಇನಿಂಗ್ಸ್‌ವರೆಗೆ ಎಳೆಯಿತು. ಆತಿಥೇಯ ಬ್ಲೂ ಜೇಸ್ ತಂಡ ಲಾಸ್ ಏಂಜಲೀಸ್ ಡಾಜರ್ಸ್ ಎದುರು 5–4ರಿಂದ ಸೋತಿತು. ನಮ್ಮಲ್ಲಿ ಬೇಸ್‌ಬಾಲ್ ನೋಡುವವರು ಕಡಿಮೆ. ಆದರೂ ಪಂದ್ಯ ನಡೆದ ರೋಜರ್ಸ್ ಸೆಂಟರ್ ಎಂಬ ಕಟ್ಟಡದ ಬಗ್ಗೆ ನಾಲ್ಕು ಮಾತು ಇಲ್ಲಿ ಅಪ್ರಸ್ತುತವಾಗಲಾರದು. ಅದು 36 ವರ್ಷ ಹಳೆಯ ಕಟ್ಟಡ. ಕೆಡವಬೇಕೋ ಉಳಿಸಬೇಕೋ ಎಂಬ ಲೆಕ್ಕಾಚಾರದಲ್ಲಿದ್ದ ಅದನ್ನು ಎರಡು ಚಳಿಗಾಲಗಳಲ್ಲಿ ಒಳಗಿನಿಂದ ಬದಲಿಸಿದರು. ಹಣ ಯಾವುದಕ್ಕೆ ಹೋಯಿತು, ಯಾವುದಕ್ಕೆ ಹೋಗಲಿಲ್ಲ ಎಂಬುದನ್ನು ಹಳೆಯ ಕ್ರೀಡಾಂಗಣಗಳಿರುವ ಎಲ್ಲ ಊರಿನವರೂ ಗಮನಿಸಬೇಕು.

1989ರ ಜೂನ್ 3ರಂದು ಸ್ಕೈಡೋಮ್ ಎಂಬ ಹೆಸರಿನಲ್ಲಿ ತೆರೆದಾಗ ಈ ಕಟ್ಟಡದ ಸುದ್ದಿಯೆಲ್ಲ ಚಾವಣಿಯದೇ ಆಗಿತ್ತು. ವಾಸ್ತುಶಿಲ್ಪಿ ರಾಡ್ ರಾಬಿ ಮತ್ತು ಎಂಜಿನಿಯರ್ ಮೈಕೆಲ್ ಅಲೆನ್ ರೂಪಿಸಿದ ಈ ಚಾವಣಿ ನಾಲ್ಕು ಹಲಗೆಗಳದ್ದು. ಒಂದು ಅಲುಗುವುದಿಲ್ಲ, ಎರಡು ಹಳಿಗಳ ಮೇಲೆ ನೇರವಾಗಿ ಜಾರುತ್ತವೆ, ಇನ್ನೊಂದು ಅರ್ಧ ಸುತ್ತು ಹೊರಳುತ್ತದೆ. ಸುಮಾರು 11,000 ಟನ್ ಭಾರದ ಈ ಸರಂಜಾಮು ಸುಮಾರು 20 ನಿಮಿಷದಲ್ಲಿ ಪೂರ್ತಿ ತೆರೆದುಕೊಳ್ಳುತ್ತದೆ. ಕಟ್ಟಲು ತಗುಲಿದ್ದು ಕೆನಡಾದ ಸುಮಾರು 57 ಕೋಟಿ ಡಾಲರ್. ಸಾಲದ ಹೊರೆಯಲ್ಲಿ ಕಟ್ಟಡ ಕೈಯಿಂದ ಕೈಗೆ ದಾಟುತ್ತಾ ಬಂದು, 2004ರಲ್ಲಿ ರೋಜರ್ಸ್ ಕಂಪನಿ ಅದನ್ನು ಕೊಳ್ಳುವ ಹೊತ್ತಿಗೆ ಬೆಲೆ ಸುಮಾರು ಎರಡೂವರೆ ಕೋಟಿ ಡಾಲರಿಗೆ ಇಳಿದಿತ್ತು.

ಚಾವಣಿ ಚೆನ್ನಾಗಿತ್ತು, ಕುಳಿತುಕೊಳ್ಳುವ ವ್ಯವಸ್ಥೆ ಚೆನ್ನಾಗಿರಲಿಲ್ಲ. ಬೇಸ್‌ಬಾಲ್‌ಗೂ ಸೈ, ಕೆನಡಾದ ಫುಟ್‌ಬಾಲ್‌ಗೂ ಸೈ ಎಂದು ಕಟ್ಟಿದ್ದರಿಂದ ಕೆಳಹಂತದ ಗ್ಯಾಲರಿಗಳನ್ನು ಹಳಿಗಳ ಮೇಲೆ ಕೂರಿಸಿದ್ದರು. ಆಟ ಬದಲಾದಂತೆ ಅವನ್ನು ಸರಿಸುತ್ತಿದ್ದರು. ಹೀಗೆ ಎರಡಕ್ಕೂ ಹೊಂದಿಸಲು ಹೋದರೆ ಯಾವುದಕ್ಕೂ ಸರಿಯಾಗಿ ಹೊಂದದು. ಕ್ರಿಕೆಟ್‌ನಲ್ಲಿ ಆಟದ ಜೀವ ನಡುಮೈದಾನದ ಪಿಚ್‌ನಲ್ಲಿರುತ್ತದೆ, ಆದ್ದರಿಂದ ಸುತ್ತ ದುಂಡಗೆ ಕುಳಿತರೆ ಸರಿ. ಬೇಸ್‌ಬಾಲ್ ಹಾಗಲ್ಲ. ಚೆಂಡೆಸೆಯುವ ಪಿಚರ್, ಬ್ಯಾಟ್ ಬೀಸುವ ಹೋಮ್ ಪ್ಲೇಟ್ ಎರಡೂ ಮೈದಾನದ ಒಂದು ಮೂಲೆಯಲ್ಲಿವೆ. ಅಲ್ಲಿಂದ 90 ಡಿಗ್ರಿ ಬೀಸಣಿಗೆಯಾಗಿ ಮೈದಾನ ಬಿಚ್ಚಿಕೊಳ್ಳುತ್ತದೆ. ಸ್ಕೈಡೋಮ್‌ನ ಅನೇಕ ಕುರ್ಚಿಗಳು ಆ ಮೂಲೆಯನ್ನು ಬಿಟ್ಟು ಮೈದಾನದ ನಡುವನ್ನು ನೋಡುತ್ತಿದ್ದವು. 1992ರಲ್ಲಿ ಬಾಲ್ಟಿಮೋರ್‌ನಲ್ಲಿ ಬರೀ ಬೇಸ್‌ಬಾಲ್‌ಗೆಂದೇ ಕಟ್ಟಿದ ಕ್ಯಾಮ್ಡನ್ ಯಾರ್ಡ್ಸ್ ತೆರೆದ ಮೇಲೆ ಅಮೆರಿಕದ ಊರುಗಳೆಲ್ಲ ಆ ಹಾದಿ ಹಿಡಿದವು. ಮೂರೇ ವರ್ಷದ ಸ್ಕೈಡೋಮ್ ಆಗಲೇ ಹಳೇ ಕಾಲದ್ದಾಗಿಬಿಟ್ಟಿತು.

ಕೋನದ ಲೆಕ್ಕ ಎಷ್ಟು ಮುಖ್ಯ ಎನ್ನಲು ಒಂದು ಉದಾಹರಣೆ ಸಾಕು. ಹೋಮ್ ಪ್ಲೇಟ್‌ನಿಂದ ಫೌಲ್ ಗೆರೆಯ (ಆ ಬೀಸಣಿಗೆಯ ಅಂಚಿನ ಗೆರೆ) ಉದ್ದಕ್ಕೆ 60 ಮೀಟರ್ ದೂರದಲ್ಲಿ, ಗೆರೆಯಿಂದ 15 ಮೀಟರ್ ಹಿಂದೆ ಒಂದು ಕುರ್ಚಿ ಇದೆ ಎನ್ನಿ. ಸಾಲು ಗೆರೆಗೆ ಸಮಾನಾಂತರವಾಗಿದ್ದರೆ ಕುಳಿತವರ ಮುಖ ನೇರ ಔಟ್‌ಫೀಲ್ಡ್ ಕಡೆಗೆ. ಪಿಚರ್‌ನನ್ನು ನೋಡಲು ಕುತ್ತಿಗೆಯನ್ನು ಸುಮಾರು 60 ಡಿಗ್ರಿ ಹೊರಳಿಸಬೇಕು, ಬ್ಯಾಟ್ ಹಿಡಿದವನನ್ನು ನೋಡಲು ಸುಮಾರು 76 ಡಿಗ್ರಿ. ಮೂವತ್ತು ಡಿಗ್ರಿ ದಾಟಿದರೆ ಎರಡೂವರೆ ಗಂಟೆ ನೆಮ್ಮದಿಯಿಂದ ಕೂರಲಾಗದು. ಜನ ಸೊಂಟ ತಿರುಚಿ, ಪಕ್ಕದವರ ಭುಜಕ್ಕೆ ಒರಗಿ ನೋಡುತ್ತಾರೆ. ಅದೇ ಸಾಲನ್ನು 45 ಡಿಗ್ರಿ ಬಾಗಿಸಿದರೆ ಉಳಿಯುವುದು ಕ್ರಮವಾಗಿ 15 ಮತ್ತು 31 ಡಿಗ್ರಿ.

ಕುರ್ಚಿಯನ್ನಷ್ಟೇ ಓರೆಯಾಗಿ ಬೋಲ್ಟ್ ಮಾಡಿದರೆ ಸಾಲದೇ ಎಂಬ ಪ್ರಶ್ನೆ ಏಳುವುದು ಸಹಜ. ಸ್ವಲ್ಪ ಮಟ್ಟಿಗೆ ಆಗುತ್ತದೆ. 48 ಸೆಂ.ಮೀ. ಅಗಲದ ಕುರ್ಚಿಯನ್ನು 15 ಡಿಗ್ರಿ ತಿರುಗಿಸಿದರೆ ಅದರ ಒಂದು ಮೂಲೆ ಸುಮಾರು 12 ಸೆಂ.ಮೀ. ಮುಂದೆ ಚಾಚಿಕೊಳ್ಳುತ್ತದೆ. ಮೊಣಕಾಲಿನ ಮುಂದೆ ಜನ ದಾಟಲು ಬೇಕಾದ ಜಾಗವೇ 40 ಸೆಂ.ಮೀ. ಇರುವಾಗ ಅದರಲ್ಲಿ 12 ಹೋದರೆ ಪಾಪ್‌ಕಾರ್ನ್ ಹಿಡಿದವರು ದಾಟುವುದು ಹೇಗೆ? ಅದಕ್ಕಿಂತ ಹೆಚ್ಚು ತಿರುಗಿಸಬೇಕೆಂದರೆ ಸಾಲೇ ಬಾಗಬೇಕು. ಸಾಲು ಬಾಗಬೇಕೆಂದರೆ ಅದರ ಕೆಳಗಿನ ಕಾಂಕ್ರೀಟ್ ಮೆಟ್ಟಿಲು ಬಾಗಬೇಕು. ಅಂದರೆ ಒಡೆಯಲೇಬೇಕು.

ಇನ್ನೊಂದು ಲೆಕ್ಕ ಮುಂದೆ ಕುಳಿತವರ ತಲೆಯದು. ನಮ್ಮ ಕಣ್ಣಿನಿಂದ ಆಟದ ಬಿಂದುವಿಗೆ ಎಳೆದ ಗೆರೆ ಮುಂದಿನ ಸಾಲಿನವರ ಕಣ್ಣಿಗಿಂತ ಎಷ್ಟು ಮೇಲೆ ಹಾಯುತ್ತದೆ ಎಂಬುದನ್ನು ಈ ಕೆಲಸದವರು ಸಿ-ಮೌಲ್ಯ ಎನ್ನುತ್ತಾರೆ. 60 ಮಿ.ಮೀ.ಗಿಂತ ಕಡಿಮೆಯಾದರೆ ಇಣುಕಿ ನೋಡಬೇಕು. 90 ಇದ್ದರೆ ಒಳ್ಳೆಯದು. ಎಲ್ಲರೂ ಟೋಪಿ ಹಾಕುವ ಕಡೆ 120 ಬೇಕು, ಬೇಸ್‌ಬಾಲ್ ನೋಡುವವರು ಟೋಪಿಯವರೇ. ಸೂತ್ರ ಸರಳ. ಮುಂದಿನ ಸಾಲಿನವರ ಕಣ್ಣಿನಿಂದ ಬಿಂದುವಿಗಿರುವ ಅಡ್ಡ ದೂರ, ಬಿಂದುವಿನಿಂದ ಅವರ ಕಣ್ಣಿನ ಎತ್ತರ, ಒಂದು ಮೆಟ್ಟಿಲಿನ ಏರು, ಅದರ ಹಾಸು (ಮುಂದಿನಿಂದ ಹಿಂದಕ್ಕಿರುವ ಅಗಲ), ಈ ನಾಲ್ಕು ಅಂಕಿ ಸಾಕು. ಎತ್ತರಕ್ಕೆ ಏರನ್ನು ಕೂಡಿಸಿ, ದೂರದಿಂದ ಗುಣಿಸಿ, ದೂರ ಮತ್ತು ಹಾಸಿನ ಮೊತ್ತದಿಂದ ಭಾಗಿಸಿ, ಕೊನೆಗೆ ಎತ್ತರವನ್ನು ಕಳೆದರೆ ಸಿ ಸಿಗುತ್ತದೆ. ದೂರ 20 ಮೀಟರ್, ಎತ್ತರ 4 ಮೀಟರ್, ಹಾಸು 80 ಸೆಂ.ಮೀ., ಏರು 25 ಸೆಂ.ಮೀ. ಎಂದುಕೊಳ್ಳಿ: ಬರುವುದು ಸುಮಾರು 87 ಮಿ.ಮೀ., ಪರವಾಗಿಲ್ಲ. ಈಗ ಪ್ರೇಕ್ಷಕರನ್ನು ಆಟದ ಹತ್ತಿರ ತರುತ್ತೇವೆಂದು ಇಡೀ ಗ್ಯಾಲರಿಯನ್ನು ಐದು ಮೀಟರ್ ಮುಂದೆ ತಳ್ಳಿ. ದೂರ 15 ಆಯಿತು, ಉಳಿದದ್ದು ಹಾಗೇ ಇದೆ. ಸಿ-ಮೌಲ್ಯ 35 ಮಿ.ಮೀ.ಗೆ ಕುಸಿಯುತ್ತದೆ. ಹತ್ತಿರ ಬಂದರೂ ಮುಂದಿನವರ ತಲೆಯನ್ನೇ ನೋಡಬೇಕು! ಮತ್ತೆ 90ಕ್ಕೆ ಏರಿಸಲು ಪ್ರತಿ ಮೆಟ್ಟಿಲಿನ ಏರನ್ನು 25ರಿಂದ ಸುಮಾರು 31 ಸೆಂ.ಮೀ.ಗೆ ತರಬೇಕು. ಇಪ್ಪತ್ತು ಸಾಲಿಗೆ ಇದು ಒಂದು ಮೀಟರಿಗೂ ಮಿಕ್ಕಿದ ಎತ್ತರ. ಹಿಂದಿನ ಓಣಿಯ ಮಟ್ಟ, ಮೇಲಿನ ಹಂತದ ತಳ, ಕೈಹಿಡಿ ಕಂಬಿಗಳು ಎಲ್ಲವೂ ಅದಕ್ಕೆ ತಕ್ಕಂತೆ ಕದಲಬೇಕು. ಇವು ಟೊರಾಂಟೊದ ನಕ್ಷೆಯ ಅಂಕಿಗಳಲ್ಲ, ಲೆಕ್ಕ ತೋರಿಸಲು ಹಿಡಿದವು. ಹಳೆಯ ಗ್ಯಾಲರಿಗೆ ಹೊಸ ಕುರ್ಚಿ ಹಾಕಿ ನವೀಕರಣ ಎನ್ನುವವರು ಸಾಮಾನ್ಯವಾಗಿ ಈ ಲೆಕ್ಕವನ್ನು ಮುಟ್ಟುವುದೇ ಇಲ್ಲ.

ಟೊರಾಂಟೊದವರು ಮುಟ್ಟಿದರು. ಫುಟ್‌ಬಾಲ್ ತಂಡ ಆರ್ಗೊನಾಟ್ಸ್ 2015ರ ನಂತರ ಬೇರೆ ಮೈದಾನಕ್ಕೆ ಹೋಯಿತು, 2016ರಲ್ಲಿ ಒಳಮೈದಾನಕ್ಕೆ ನಿಜವಾದ ಮಣ್ಣು ಬಂತು. ಆಗಲೇ ಕಟ್ಟಡ ಒಂದೇ ಆಟಕ್ಕೆ ಮೀಸಲಾಯಿತು. 2020ರ ಕೊನೆಯಲ್ಲಿ ಕೆಡವಿ ಹೊಸದು ಕಟ್ಟುವ ಯೋಚನೆಯೂ ಪತ್ರಿಕೆಗಳಲ್ಲಿ ಬಂದಿತ್ತು. ಆದರೆ ಒಂದು ಮಗ್ಗುಲಲ್ಲಿ ಸಿಎನ್ ಟವರ್ ಎಂಬ ಎತ್ತರದ ಗೋಪುರ, ಇನ್ನೊಂದರಲ್ಲಿ ರೈಲು ಹಳಿಗಳು, ಮೈದಾನದತ್ತ ಕಿಟಕಿ ತೆರೆಯುವ 70 ಕೋಣೆಗಳಿರುವ ಹೋಟೆಲ್ ಕಟ್ಟಡಕ್ಕೇ ಅಂಟಿಕೊಂಡಿದೆ. ಕೊನೆಗೆ 2022ರ ಜುಲೈನಲ್ಲಿ ಸುಮಾರು 30 ಕೋಟಿ ಕೆನಡಾ ಡಾಲರಿನ ನವೀಕರಣ ಘೋಷಣೆಯಾಯಿತು. ವಿನ್ಯಾಸ ಪಾಪ್ಯುಲಸ್ ಸಂಸ್ಥೆಯದು, ಕಟ್ಟಿದ್ದು ಪಿಸಿಎಲ್. ಹಣ ಹಾಕಿದ್ದು ರೋಜರ್ಸ್. ಕಟ್ಟಡಕ್ಕೆ ಇನ್ನೂ 10ರಿಂದ 15 ವರ್ಷದ ಆಯಸ್ಸು ಎಂದು ತಂಡದ ಅಧ್ಯಕ್ಷ ಮಾರ್ಕ್ ಶಪಿರೊ ಆಗಲೇ ಹೇಳಿದ್ದರು. ನೂರು ವರ್ಷ ಬಾಳುತ್ತದೆ ಎಂದು ಹೇಳದ ಈ ಪ್ರಾಮಾಣಿಕತೆ ನನಗೆ ಹಿಡಿಸಿತು. ಎಷ್ಟು ವರ್ಷಕ್ಕೆ ಎಂದು ಗೊತ್ತಿದ್ದರೆ ಎಷ್ಟು ಖರ್ಚು ಸರಿ ಎಂಬುದೂ ಗೊತ್ತಾಗುತ್ತದೆ.

ಮೊದಲ ಚಳಿಗಾಲದಲ್ಲಿ ಕೈ ಹಾಕಿದ್ದು ಔಟ್‌ಫೀಲ್ಡ್‌ಗೆ. ಬದಲಿ ಪಿಚರ್‌ಗಳು ಕೈ ಬಿಸಿ ಮಾಡಿಕೊಳ್ಳುವ ಬುಲ್‌ಪೆನ್‌ಗಳನ್ನು ಎತ್ತರಿಸಿ, ಸುತ್ತ ಪ್ರೇಕ್ಷಕರು ನಿಲ್ಲುವಂತೆ ಮಾಡಿದರು. ಗೋಡೆ ಮುಂದೆ ಬಂತು. ಹೋಮ್ ಪ್ಲೇಟ್‌ನಿಂದ ಗೋಡೆಗಿರುವ ದೂರ ಮೂಲೆಗಳಲ್ಲಿ 328 ಅಡಿ, ನಡುವೆ 400 ಅಡಿ ಹಾಗೇ ಉಳಿದವು. ಮೂಲೆಗೂ ನಡುವಿಗೂ ಮಧ್ಯೆ ಎರಡೂ ಕಡೆ 375 ಇದ್ದ ಸಂದುಗಳು ಎಡಕ್ಕೆ 368, ಬಲಕ್ಕೆ 359 ಆದವು. ಹೋಮ್ ರನ್ (ಚೆಂಡು ಗೋಡೆ ದಾಟುವ ಹೊಡೆತ) ಅಗ್ಗವಾಗದಿರಲೆಂದು, ಎಲ್ಲೆಡೆ 10 ಅಡಿ ಇದ್ದ ಗೋಡೆಯನ್ನು ಜಾಗಕ್ಕೆ ತಕ್ಕಂತೆ 8 ಅಡಿಯಿಂದ 14 ಅಡಿ 4 ಅಂಗುಲದವರೆಗೆ ಬೇರೆಬೇರೆ ಮಾಡಿದರು. ಪ್ರೇಕ್ಷಕರ ಸುಖಕ್ಕಾಗಿ ಗೋಡೆ ಸರಿಸಿದರೆ ಆಟದ ಅಂಕಿ-ಅಂಶವೇ ಬದಲಾಗುತ್ತದೆ ಎಂಬುದನ್ನು ವಿನ್ಯಾಸಕಾರರು ಮರೆಯಲಿಲ್ಲ.

ಮೇಲಿನ 500ನೇ ಹಂತದಲ್ಲಿ 1989ರಿಂದ ಇದ್ದ ಕುರ್ಚಿಗಳನ್ನು ಕಿತ್ತು ಹೊಸವನ್ನು ಹಾಕಿದರು. ಔಟ್‌ಫೀಲ್ಡ್‌ನ ಬೇರೆಬೇರೆ ಹಂತಗಳಲ್ಲಿ ನಿಂತು, ಒರಗಿ, ಹರಟುತ್ತಾ ನೋಡುವ ಕಟ್ಟೆಗಳು ಬಂದವು. ಇಲ್ಲಿಗೆ ನಿಗದಿತ ಕುರ್ಚಿಯಿಲ್ಲದ ಟಿಕೆಟ್ 2023ರಲ್ಲಿ 20 ಡಾಲರಿನಿಂದ ಶುರುವಾಗಿತ್ತು. ಯುವಕರು ಹಿಂಡುಹಿಂಡಾಗಿ ಬಂದದ್ದು ಇಲ್ಲಿಗೇ. ಎಷ್ಟೇ ಒಳ್ಳೆಯ ಕುರ್ಚಿ ಹಾಕಿದರೂ ಕೆಲವರಿಗೆ ಕೂರುವುದೇ ಬೇಡ. ದೂರದ, ಮಾರಾಟವಾಗದ ಮೂಲೆಯ ಸಾಲುಗಳನ್ನು ಕಿತ್ತು ಕಟ್ಟೆ ಮಾಡಿದ್ದು ಇಡೀ ಯೋಜನೆಯಲ್ಲಿ ಕಡಿಮೆ ಖರ್ಚಿನ ಜಾಣ ಕೆಲಸ ಎಂಬುದು ನನ್ನ ಎಣಿಕೆ.

ಎರಡನೇ ಚಳಿಗಾಲದ ಕೆಲಸ ದೊಡ್ಡದು. 2023ರ ಅಕ್ಟೋಬರ್ 1ರಂದು ಋತುವಿನ ಕೊನೆಯ ತವರು ಪಂದ್ಯ. 2024ರ ಏಪ್ರಿಲ್ 8ರಂದು ಮುಂದಿನ ಋತುವಿನ ಮೊದಲ ತವರು ಪಂದ್ಯ. ಈ ಆರು ತಿಂಗಳಲ್ಲಿ ಒಂದು ಫೌಲ್ ಗೆರೆಯ ಕೊನೆಯ ಕಂಬದಿಂದ ಇನ್ನೊಂದರವರೆಗೆ ಕೆಳಗಿನ 100ನೇ ಹಂತದ ಒಳಮೈದಾನದ ಗ್ಯಾಲರಿಯನ್ನು ಪೂರ್ತಿ ತೆಗೆದು ಹೊಸದಾಗಿ ಕಟ್ಟಿದರು. ಕುರ್ಚಿಗಳು ಹೋಮ್ ಪ್ಲೇಟ್ ಕಡೆಗೆ ತಿರುಗಿದವು, ಅಗಲವಾದವು, ಲೋಟ ಇಡುವ ಹಿಡಿಗಳು ಬಂದವು. ಗೆರೆಯಾಚೆಯ ಫೌಲ್ ಜಾಗ ಸುಮಾರು 3,000 ಚದರಡಿ ಕಡಿಮೆಯಾಯಿತು, ಅಂದರೆ ಜನ ಅಷ್ಟು ಹತ್ತಿರ ಬಂದರು. ಹತ್ತಿರ ಬಂದಷ್ಟೂ ಫೌಲ್ ಚೆಂಡು ಬಡಿಯುವ ಅಪಾಯ ಹೆಚ್ಚು, ಹಾಗಾಗಿ ರಕ್ಷಣಾ ಬಲೆಯ ಲೆಕ್ಕವನ್ನೂ ಜೊತೆಗೇ ಹಾಕಬೇಕು. ಬಲೆಯ ನೂಲು ದಪ್ಪವಾದರೆ ಬೆಲೆಬಾಳುವ ಆಸನದವರಿಗೇ ನೋಟ ಕೆಡುತ್ತದೆ.

ಎರಡೂ ವರ್ಷ ತಂಡ ಮೊದಲ ಹತ್ತು ಪಂದ್ಯಗಳನ್ನು ಹೊರಊರುಗಳಲ್ಲಿ ಆಡಿದ್ದರಿಂದ ಒಂದು ವಾರಕ್ಕೂ ಹೆಚ್ಚು ಸಮಯ ಸಿಕ್ಕಿತು. ಮುಚ್ಚುವ ಚಾವಣಿ ನಿಜವಾಗಿ ನೆರವಾದದ್ದೂ ಇಲ್ಲೇ. ಟೊರಾಂಟೊದ ಜನವರಿಯಲ್ಲಿ ಬಯಲಲ್ಲಿ ಕಾಂಕ್ರೀಟ್ ಸುರಿದರೆ ಟಾರ್ಪಾಲು ಹೊದಿಸಿ ಹೀಟರ್ ಇಡಬೇಕು. 5 ಡಿಗ್ರಿಗಿಂತ ಕೆಳಗಿಳಿದರೆ ಕಾಂಕ್ರೀಟ್ ಬಲ ಪಡೆಯುವುದು ತೀರಾ ನಿಧಾನ, ಹೆಪ್ಪುಗಟ್ಟಿದರೆ ಕೆಟ್ಟೇ ಹೋಗುತ್ತದೆ. ಗುಮ್ಮಟದೊಳಗೆ ಹಿಮವೂ ಇಲ್ಲ, ಗಾಳಿಯೂ ಇಲ್ಲ. ಆದರೆ 2025ರಂತೆ ತಂಡ ನವೆಂಬರ್‌ವರೆಗೆ ಆಡಿದರೆ ಒಂದು ತಿಂಗಳು ಕೈಬಿಟ್ಟಂತೆ. ಗುತ್ತಿಗೆದಾರ ಮಾತ್ರ ತವರು ತಂಡ ಬೇಗ ಸೋಲಲಿ ಎಂದು ಹರಕೆ ಹೊರಬೇಕಾದ ವಿಚಿತ್ರ ಕಸುಬು ಇದು.

ಇಂಥ ಕೆಲಸ ಕೈಕೊಡುವುದು ಎಲ್ಲಿ? ಮೊದಲನೆಯದಾಗಿ, ಹಳೆಯ ನಕ್ಷೆ ಮತ್ತು ನಿಂತಿರುವ ಕಟ್ಟಡ ಎಂದೂ ಒಂದೇ ಇರುವುದಿಲ್ಲ. ಮೂವತ್ತು ವರ್ಷದಲ್ಲಿ ಯಾರೋ ಪೈಪು ತಿರುಗಿಸಿರುತ್ತಾರೆ, ಕೇಬಲ್ ಎಳೆದಿರುತ್ತಾರೆ. ಲೇಸರ್‌ನಿಂದ ಇಡೀ ಗ್ಯಾಲರಿಯನ್ನು ಅಳೆದು, ಕಾಂಕ್ರೀಟ್‌ನೊಳಗಿನ ಕಂಬಿ ಎಲ್ಲಿದೆ ಎಂದು ಸ್ಕ್ಯಾನ್ ಮಾಡದೆ ಡ್ರಿಲ್ ಹಚ್ಚಿದರೆ ಬೋಲ್ಟು ಕಂಬಿಗೆ ಬಡಿಯುತ್ತದೆ. ತೂತು ಪಕ್ಕಕ್ಕೆ ಸರಿಸುತ್ತಾರೆ, ಒಂದು ಕುರ್ಚಿ ಸರಿದರೆ ಇಡೀ ಸಾಲೇ ಸೊಟ್ಟ. ಎರಡನೆಯದು ನೀರು. ಗ್ಯಾಲರಿಯ ಮೆಟ್ಟಿಲೇ ಕೆಳಗಿನ ತಿಂಡಿ ಅಂಗಡಿಯ ಸೂರು. ಪಂದ್ಯ ಮುಗಿದ ಮೇಲೆ ಚೆಲ್ಲಿದ ಬಿಯರ್, ಕೋಲಾವನ್ನೆಲ್ಲ ಪೈಪು ಹಿಡಿದು ತೊಳೆಯುತ್ತಾರೆ. ವರ್ಷಕ್ಕೆ 81 ತವರು ಪಂದ್ಯ. ಕಾಂಕ್ರೀಟ್ ತುಂಡುಗಳ ನಡುವಿನ ಕೀಲಿಗೆ ತುಂಬಿದ ರಬ್ಬರಿನಂಥ ಅಂಟು ಬಿರುಕು ಬಿಟ್ಟರೆ ಸಕ್ಕರೆ ನೀರು ನೇರ ಒಲೆಯ ಮೇಲೆ. ಅದಕ್ಕೇ ಕುರ್ಚಿಯ ಕಾಲನ್ನು ಮೆಟ್ಟಿಲಿನ ನೆಲಕ್ಕೆ ಬಿಗಿಯದೆ ಹಿಂಬದಿಯ ನಿಂತ ಮುಖಕ್ಕೆ ಬಿಗಿಯುವುದು ಒಳ್ಳೆಯದು. ನೆಲದಲ್ಲಿ ತೂತಿಲ್ಲ, ನೀರು ಇಳಿಯುವುದಿಲ್ಲ, ಕಸ ಗುಡಿಸುವುದೂ ಸುಲಭ. ಆದರೆ ನಿಂತ ಮುಖ ಅಷ್ಟು ದಪ್ಪ ಇರಬೇಕು, ಹಳೆಯ ಗ್ಯಾಲರಿಗಳಲ್ಲಿ ಹಲವು ಕಡೆ ಇರುವುದಿಲ್ಲ.

ಕುರ್ಚಿ ಅಗಲ ಮಾಡಿದರೆ ಕುರ್ಚಿಗಳ ಸಂಖ್ಯೆ ಕಡಿಮೆಯಾಗಲೇಬೇಕು. 19 ಅಂಗುಲದ 20 ಕುರ್ಚಿಯ ಸಾಲಿನಲ್ಲಿ 20 ಅಂಗುಲದ ಕುರ್ಚಿ ಹಿಡಿಸುವುದು 19. ಒಂದು ಕಾಲಕ್ಕೆ 49,000 ದಾಟಿದ್ದ ರೋಜರ್ಸ್ ಸೆಂಟರ್‌ನ ಸಾಮರ್ಥ್ಯ 2023ಕ್ಕೆ ಸುಮಾರು 41,500, 2024ಕ್ಕೆ 39,150 ಆಯಿತು. ನಮ್ಮ ಕಡೆ ಸಾಮರ್ಥ್ಯ ಇಳಿಸುವುದನ್ನು ಸೋಲೆಂದು ಭಾವಿಸುತ್ತೇವೆ. ಅಲ್ಲಿ ಇಳಿಸಿದ್ದೇ ಗೆಲುವಿನ ಕಾರಣ. ಅದೇ ಓಣಿ, ಅದೇ ಶೌಚಾಲಯ, ಅದೇ ಮೆಟ್ಟಿಲುಗಳಿಗೆ ಈಗ ಹತ್ತು ಸಾವಿರ ಜನ ಕಡಿಮೆ.

2023ರಲ್ಲಿ ಬೇಸ್‌ಬಾಲ್‌ಗೆ ಪಿಚ್ ಕ್ಲಾಕ್ ಬಂತು. ಪಿಚರ್ ಇಷ್ಟು ಸೆಕೆಂಡಿನಲ್ಲಿ ಎಸೆಯಲೇಬೇಕು. ಒಂಬತ್ತು ಇನಿಂಗ್ಸ್ ಪಂದ್ಯದ ಸರಾಸರಿ ಅವಧಿ 3 ಗಂಟೆ 4 ನಿಮಿಷದಿಂದ 2 ಗಂಟೆ 40 ನಿಮಿಷಕ್ಕೆ ಇಳಿಯಿತು. ನೋಡುವವರಿಗೆ ಖುಷಿ, ತಿಂಡಿ ಮಾರುವವರಿಗೆ 24 ನಿಮಿಷ ನಷ್ಟ. ಇನಿಂಗ್ಸ್ ಅರ್ಧಗಳ ನಡುವಿನ ಬಿಡುವು ಎರಡು ನಿಮಿಷದ ಆಸುಪಾಸು. ಅಷ್ಟರಲ್ಲಿ ಶೌಚಾಲಯಕ್ಕೆ ಹೋಗಿಬರಲು ಯಾರಿಂದಲೂ ಆಗದು. ಆದ್ದರಿಂದ ಅಂಗಡಿಗಳನ್ನು ಗೋಡೆಯ ಹಿಂದೆ ಬಚ್ಚಿಡದೆ, ಸರದಿಯಲ್ಲಿ ನಿಂತೇ ಮೈದಾನ ಕಾಣುವಂತೆ ತೆರೆಯಬೇಕು. ಔಟ್‌ಫೀಲ್ಡ್‌ನ ಹೊಸ ಕಟ್ಟೆಗಳಲ್ಲಿ ಅದು ಸಾಧ್ಯವಾಗಿದೆ. ಹಳೆಯ ಒಳಮೈದಾನದ ಹಿಂದಿನ ಓಣಿ ಮಾತ್ರ 1989ರ ಕಂಬಗಳ ನಡುವೆಯೇ ಇದೆ. ಕಂಬ ಸರಿಸಿದರೆ ಮೇಲಿನ ಹಂತ ಕೆಳಗೆ ಬರುತ್ತದೆ.

ಗುಮ್ಮಟಗಳಲ್ಲಿ ಸದ್ದಿನದು ಬೇರೆಯೇ ತಲೆನೋವು. ಮುಚ್ಚಿದಾಗ ಕಾಂಕ್ರೀಟು, ಗಾಜು, ಉಕ್ಕು ಎಲ್ಲವೂ ಸದ್ದನ್ನು ಹಿಂದಕ್ಕೆ ಎಸೆಯುತ್ತವೆ. ಔಟ್‌ಫೀಲ್ಡ್‌ನಲ್ಲಿ ಒಂದೇ ದೊಡ್ಡ ಸ್ಪೀಕರ್ ಗುಂಪಿಟ್ಟರೆ 120 ಮೀಟರ್ ಆಚೆ ಕುಳಿತವರಿಗೆ ಮಾತು ಮುಟ್ಟುವುದು 0.35 ಸೆಕೆಂಡ್ ತಡವಾಗಿ, ಜೊತೆಗೆ ಅದರ ಪ್ರತಿಧ್ವನಿ ಬೇರೆ. ಜನ ಇದಕ್ಕೆ ಕಂಡುಕೊಳ್ಳುವ ಪರಿಹಾರ ಸದ್ದು ಇನ್ನಷ್ಟು ಏರಿಸುವುದು, ಅದರಿಂದ ಗದ್ದಲ ಇನ್ನಷ್ಟು ಹೆಚ್ಚುತ್ತದೆ. ಸಣ್ಣ ಸ್ಪೀಕರ್‌ಗಳನ್ನು ಹಂತಹಂತವಾಗಿ ಹಂಚಿ, ಪ್ರತಿಯೊಂದಕ್ಕೂ ದೂರಕ್ಕೆ ತಕ್ಕ ತಡ ಕೊಟ್ಟು, ಮೇಲಿನ ಹಂತದ ಅಡಿಭಾಗಕ್ಕೆ ಸದ್ದು ಹೀರುವ ಹಲಗೆ ಹಚ್ಚುವುದೇ ದಾರಿ.

ಹುಲ್ಲಿನ ಆಸೆಯೂ ಅಲ್ಲಿತ್ತು. ಗ್ವೆಲ್ಫ್ ವಿಶ್ವವಿದ್ಯಾಲಯದ ನೆರವಿನಿಂದ ನಿಜವಾದ ಹುಲ್ಲು ಬೆಳೆಸುವ ಸಾಧ್ಯತೆ ಪರಿಶೀಲಿಸಿದರು. ಅದು ಕೈಗೂಡಲಿಲ್ಲ. ಬಸಿಗಾಲುವೆಗೆ ನೆಲ ಅಗೆಯಬೇಕು, ಚಾವಣಿ ಮುಚ್ಚಿದಾಗಲೆಲ್ಲ ಕೃತಕ ಬೆಳಕು ಬೇಕು, ಸಂಗೀತ ಕಾರ್ಯಕ್ರಮಗಳ ಆದಾಯ ಬಿಡಬೇಕು. 1965ರಲ್ಲಿ ಹ್ಯೂಸ್ಟನ್‌ನ ಆಸ್ಟ್ರೊಡೋಮ್ ಇದೇ ಪಾಠ ಕಲಿತಿತ್ತು: ಚಾವಣಿಯ ಪಾರದರ್ಶಕ ಹಲಗೆಗಳ ಝಳದಲ್ಲಿ ಆಟಗಾರರಿಗೆ ಚೆಂಡು ಕಾಣಲಿಲ್ಲ, ಹಲಗೆಗೆ ಬಣ್ಣ ಬಳಿದರು, ಹುಲ್ಲು ಸತ್ತಿತು, ಮರುವರ್ಷ ಕೃತಕ ಹಾಸು ಬಂತು.

ಟೊರಾಂಟೊವನ್ನು ಹೊಗಳುವಾಗ ಒಂದು ಅದೃಷ್ಟವನ್ನೂ ಒಪ್ಪಬೇಕು. ಅದರ ಚಾವಣಿ ಉಕ್ಕಿನದು. 2018ರ ಏಪ್ರಿಲ್‌ನಲ್ಲಿ ಸಿಎನ್ ಟವರ್‌ನಿಂದ ಬಿದ್ದ ಮಂಜುಗಡ್ಡೆ ಅದಕ್ಕೆ ತೂತು ಮಾಡಿ ಒಂದು ಪಂದ್ಯ ಮುಂದೂಡಬೇಕಾಯಿತು, ಅಷ್ಟೇ. ಅದೇ ದೇಶದ ಮಾಂಟ್ರಿಯಲ್ ಒಲಿಂಪಿಕ್ ಕ್ರೀಡಾಂಗಣ ನೋಡಿ. ಮೊದಲ ಬಟ್ಟೆ ಚಾವಣಿ ಮತ್ತೆಮತ್ತೆ ಹರಿಯಿತು, ಎರಡನೆಯದು ಹಾಕಿದ ಮರುವರ್ಷವೇ, 1999ರ ಜನವರಿಯಲ್ಲಿ, ಹಿಮದ ಭಾರಕ್ಕೆ ಒಂದು ಕಡೆ ಕುಸಿಯಿತು. ಈಗ ಬರೀ ಚಾವಣಿ ಬದಲಿಸಲು 87 ಕೋಟಿ ಡಾಲರಿನ ಯೋಜನೆ ನಡೆಯುತ್ತಿದೆ, ಅಲ್ಲಿದ್ದ ಬೇಸ್‌ಬಾಲ್ ತಂಡ 2004ರಲ್ಲೇ ಊರು ಬಿಟ್ಟಿದೆ. ಸಿಯಾಟಲ್‌ನ ಕಿಂಗ್‌ಡೋಮ್‌ನಲ್ಲಿ ಸೋರುವ ಚಾವಣಿಯನ್ನು ಸರಿಪಡಿಸಲು ಮೇಲಿನ ಹಳೆಯ ಲೇಪವನ್ನು ನೀರಿನ ರಭಸದಿಂದ ಕೆರೆದರು. ನೀರು ಒಳಗಿಳಿದು 1994ರ ಜುಲೈ 19ರಂದು ಒಳಸೂರಿನ ನಾಲ್ಕು ಹಂಚುಗಳು ಕುರ್ಚಿಗಳ ಮೇಲೆ ಬಿದ್ದವು. ಪಂದ್ಯಕ್ಕೆ ಇನ್ನೂ ಜನರನ್ನು ಬಿಟ್ಟಿರಲಿಲ್ಲ. ದುರಸ್ತಿ ವೇಳೆ ಕ್ರೇನ್ ಅಪಘಾತದಲ್ಲಿ ಇಬ್ಬರು ಕಾರ್ಮಿಕರು ಸತ್ತರು. 2000ನೇ ಇಸವಿಯ ಮಾರ್ಚ್‌ನಲ್ಲಿ ಕಟ್ಟಡವನ್ನೇ ಸಿಡಿಸಿ ಉರುಳಿಸಿದರು, ಅದರ ಸಾಲ ಮಾತ್ರ 2015ರವರೆಗೆ ಬದುಕಿತ್ತು. ಫ್ಲಾರಿಡಾದ ಟ್ರಾಪಿಕಾನಾ ಫೀಲ್ಡ್‌ನ ಬಟ್ಟೆ ಚಾವಣಿಯನ್ನು 2024ರ ಅಕ್ಟೋಬರ್‌ನಲ್ಲಿ ಮಿಲ್ಟನ್ ಚಂಡಮಾರುತ ಹರಿದು ಹಾಕಿತು. ತಂಡ 2025ರ ಇಡೀ ಋತುವನ್ನು ಬೇರೆ ಮೈದಾನದಲ್ಲಿ ಆಡಿತು. ತಲೆಯ ಮೇಲಿನ ಸೂರು ಭದ್ರವಿಲ್ಲದ ಕಡೆ ಕುರ್ಚಿಯ ಕೋನದ ಮಾತು ಆಡುವಂತಿಲ್ಲ.

ಟೊರಾಂಟೊದಲ್ಲಿ ಉಳಿದ ಕೊರತೆಗಳೂ ಇವೆ. 500ನೇ ಹಂತದಲ್ಲಿ ಕುರ್ಚಿ ಹೊಸದು, ಕೆಳಗಿನ ಕಾಂಕ್ರೀಟ್ ಹಳೆಯದು. ಹಾಸಿನ ಅಗಲ ಬದಲಾಗದೆ ಮೊಣಕಾಲಿಗೆ ಜಾಗ ಹೆಚ್ಚುವುದಿಲ್ಲ, ಕೋನವೂ ತಿರುಗುವುದಿಲ್ಲ. ಹೋಮ್ ಪ್ಲೇಟ್ ಹಿಂದಿನ ಅತ್ಯುತ್ತಮ ಜಾಗಕ್ಕೆ ಶ್ರೀಮಂತರ ಕ್ಲಬ್ಬುಗಳು ಬಂದಿವೆ. ಮನೆಮಂದಿಯೆಲ್ಲ ಕೆಳಹಂತದಲ್ಲಿ ಕುಳಿತು ನೋಡುವ ಕಾಲ ಹೋಯಿತು ಎಂಬ ದೂರು ಸುಳ್ಳಲ್ಲ. ತಿರುಗಿದ ಕುರ್ಚಿಯ ಲಾಭ ಸಿಕ್ಕಿದ್ದು ಹೆಚ್ಚು ದುಡ್ಡು ಕೊಡಬಲ್ಲವರಿಗೆ. 20 ಡಾಲರಿನವರಿಗೆ ಸಿಕ್ಕಿದ್ದು ನಿಲ್ಲುವ ಜಾಗ. ಗಾಲಿಕುರ್ಚಿಯವರ ಜಾಗಗಳನ್ನು ಮಾತ್ರ ಹೊಸ ಕಟ್ಟಡದ ನಿಯಮಕ್ಕೆ ತಕ್ಕಂತೆ ಯೋಚಿಸುವ ಅವಕಾಶ ಹೊಸ ಗ್ಯಾಲರಿಯಿಂದ ಬಂತು: ಮುಂದಿನವರು ಎದ್ದು ನಿಂತರೂ ನೋಟ ಉಳಿಯಬೇಕಾದರೆ ಗಾಲಿಕುರ್ಚಿಯ ಕಟ್ಟೆ ಮುಂದಿನ ಸಾಲಿಗಿಂತ ಅರ್ಧ ಮೀಟರಿಗೂ ಹೆಚ್ಚು ಎತ್ತರ ಇರಬೇಕು, ಹಳೆಯ ಮೆಟ್ಟಿಲಿನ ಮೇಲೆ ಹಲಗೆ ಹಾಸಿದರೆ ಅದು ಸಿಗದು.

ಈಗ ನಮ್ಮೂರಿಗೆ ಬರೋಣ. ಬೆಂಗಳೂರಿನ ಕಂಠೀರವದಲ್ಲಿ ಫುಟ್‌ಬಾಲ್ ನೋಡಿದವರಿಗೆ ಸ್ಕೈಡೋಮ್‌ನ ಕಾಯಿಲೆ ಗೊತ್ತೇ ಇದೆ: ಓಟದ ಟ್ರ್ಯಾಕ್ ನಡುವೆ ಬಂದು ಕೆಳಗಿನ ಸಾಲಿನವರಿಗೆ ಆಚೆ ಬದಿಯ ಗೋಲು ಬರೀ ಅಂದಾಜು. ಚಿನ್ನಸ್ವಾಮಿಯಲ್ಲಿ 2017ರಲ್ಲಿ ನೆಲದಡಿಯಿಂದ ಮಳೆನೀರು ಹೀರುವ ವ್ಯವಸ್ಥೆ ಬಂತು, ಆಟಕ್ಕೆ ಅದು ವರದಾನವಾಯಿತು. ನೋಡುವವರ ಬದಿಗೆ ಅಷ್ಟು ಯೋಚನೆ ಹರಿಯಲಿಲ್ಲ. 2025ರ ಜೂನ್ 4ರಂದು ಆ ಕ್ರೀಡಾಂಗಣದ ಗೇಟುಗಳ ಹೊರಗೆ 11 ಜನ ಪ್ರಾಣ ಕಳೆದುಕೊಂಡ ಮೇಲೆ ಹೊಸ ಕ್ರೀಡಾಂಗಣದ ಮಾತೇ ಹೆಚ್ಚು ಕೇಳಿಬರುತ್ತಿದೆ. ಹೊಸದು ಬರಲಿ, ಆದರೆ ಗೇಟಿನ ಲೆಕ್ಕ ಹಳೆಯದಕ್ಕೂ ಹೊಸದಕ್ಕೂ ಒಂದೇ. ಬ್ರಿಟನ್ನಿನ ಕ್ರೀಡಾಂಗಣ ಸುರಕ್ಷತಾ ಕೈಪಿಡಿಯ ಪ್ರಕಾರ ಒಂದು ತಿರುಗುಗೇಟಿನಲ್ಲಿ ಗಂಟೆಗೆ ಹೆಚ್ಚೆಂದರೆ 660 ಜನರನ್ನು ಲೆಕ್ಕ ಹಿಡಿಯಬಹುದು. 39,150 ಜನ ಒಂದು ಗಂಟೆಯಲ್ಲಿ ಒಳಬರಬೇಕೆಂದರೆ 60 ಗೇಟುಗಳು ಬೇಕು. ಹೊರಹೋಗಲು ಮೆಟ್ಟಿಲಿನ ಪ್ರತಿ ಮೀಟರ್ ಅಗಲಕ್ಕೆ ನಿಮಿಷಕ್ಕೆ 66 ಜನ, ಗರಿಷ್ಠ ಎಂಟು ನಿಮಿಷ. 1.2 ಮೀಟರ್ ಅಗಲದ ಒಂದು ಮೆಟ್ಟಿಲು ಅಷ್ಟರಲ್ಲಿ ದಾಟಿಸುವುದು ಸುಮಾರು 630 ಜನರನ್ನು. ಎಂಟುನೂರು ಜನರ ಬ್ಲಾಕಿಗೆ ಅಂಥದ್ದು ಒಂದೇ ಇದ್ದರೆ ಲೆಕ್ಕ ತಪ್ಪಿದಂತೆ.

ಹಳೆಯ ಕ್ರೀಡಾಂಗಣ ಸರಿಪಡಿಸಲು ಅಥವಾ ಹೊಸದು ಕಟ್ಟಲು ಟೆಂಡರ್ ಕರೆಯುವ ಮೊದಲು ಸಂಬಂಧಪಟ್ಟವರು ಪ್ರತಿ ಗ್ಯಾಲರಿಯ ಅಡ್ಡಕೊಯ್ತದ ನಕ್ಷೆ, ಸಾಲುವಾರು ಸಿ-ಮೌಲ್ಯ, ಪ್ರತಿ ಬ್ಲಾಕಿನ ಜನಸಂಖ್ಯೆ, ಅದರ ಮೆಟ್ಟಿಲುಗಳ ಅಗಲ ಮತ್ತು ಗೇಟುಗಳ ಸಂಖ್ಯೆಯನ್ನು ಸಾರ್ವಜನಿಕರ ಮುಂದಿಡಬೇಕು. ನಾಲ್ಕೈದು ಪುಟದ ಕೋಷ್ಟಕ ಅಷ್ಟೇ. ಎಲ್‌ಇಡಿ ಪರದೆ ಎಷ್ಟು ದೊಡ್ಡದು ಎಂಬ ವಿವರ ಆ ಮೇಲೆ ಬಂದರೂ ನಡೆಯುತ್ತದೆ.

ಇಂತಿ,
ಕ್ರೀಡಾಂಗಣ ವಿನ್ಯಾಸ ಬಲ್ಲ ಓದುಗ,
ಟೊರಾಂಟೊ